ದನಿ ಮೊದಲು, ಮುಖ ಆಮೇಲೆ: ಪೀಟರ್ ಸೆಲ್ಲರ್ಸ್

1948ರಲ್ಲಿ ಬಿಬಿಸಿಯ ನಿರ್ಮಾಪಕ ರಾಯ್ ಸ್ಪಿಯರ್‌ಗೆ ಒಂದು ಟೆಲಿಫೋನ್ ಕರೆ ಬಂತು. ಆ ಕಡೆಯ ದನಿ ಅಂದಿನ ಜನಪ್ರಿಯ ರೇಡಿಯೊ ಹಾಸ್ಯಗಾರ ಕೆನೆತ್ ಹಾರ್ನ್‌ನದು. ಪೀಟರ್ ಸೆಲ್ಲರ್ಸ್ ಅಂತ ಒಬ್ಬ ಹುಡುಗನಿದ್ದಾನೆ, ಬಲು ಚುರುಕು, ಬಿಡಬೇಡಿ ಎಂದು ಶಿಫಾರಸು. ಒಂದಷ್ಟು ಹೊತ್ತು ಮಾತು ನಡೆದ ಮೇಲೆ ಆ ದನಿ ತಾನಾಗಿಯೇ ನಿಜ ಒಪ್ಪಿಕೊಂಡಿತು: ಹಾರ್ನ್ ಅಲ್ಲ, ಮಾತಾಡುತ್ತಿರುವುದು ಸೆಲ್ಲರ್ಸೇ. ಸ್ಪಿಯರ್ ಬೈದ. ಬೈದು, ಕೆಲಸವನ್ನೂ ಕೊಟ್ಟ.

ಈ ಹುಡುಗ ಹುಟ್ಟಿದ್ದು 1925ರ ಸೆಪ್ಟೆಂಬರ್ 8ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದ ಸೌತ್‌ಸೀಯಲ್ಲಿ. ಅಪ್ಪ ಅಮ್ಮ ಇಬ್ಬರೂ ಹಾಡು, ಕುಣಿತ, ಜೋಕುಗಳನ್ನು ಒಂದೇ ಸಂಜೆಯಲ್ಲಿ ಬಡಿಸುತ್ತ ಊರೂರು ತಿರುಗುವ ವೆರೈಟಿ ಕಂಪನಿಯ ಜನ. ಎರಡು ವಾರದ ಕೂಸನ್ನು ರಂಗದ ಮೇಲೆ ಎತ್ತಿ ತೋರಿಸಿದ್ದರಂತೆ. ಇಟ್ಟ ಹೆಸರು ರಿಚರ್ಡ್ ಹೆನ್ರಿ. ಆದರೆ ಹುಟ್ಟುತ್ತಲೇ ಕಳೆದುಕೊಂಡ ಹಿರಿಮಗನ ಹೆಸರಿನಿಂದ ಇವನನ್ನೂ ಪೀಟರ್ ಎಂದೇ ಕರೆದರು. ಜೀವನಚರಿತ್ರೆಕಾರರು ಈ ಒಂದು ಸಂಗತಿಯಿಂದ ಬೇಕಾದಷ್ಟು ಮನಶ್ಶಾಸ್ತ್ರ ಹಿಂಡಿದ್ದಾರೆ, ನಮಗೆ ಅದು ಬೇಡ. ಯುದ್ಧಕಾಲದಲ್ಲಿ ವಾಯುಪಡೆಗೆ ಸೇರಿದವನಿಗೆ ಸಿಕ್ಕಿದ್ದು ಸೈನಿಕರನ್ನು ರಂಜಿಸುವ ತಂಡದಲ್ಲಿ ಡ್ರಮ್ ಬಾರಿಸುವ ಕೆಲಸ. ಆ ತಂಡದ ಜೊತೆ ಭಾರತ, ಸಿಲೋನ್, ಬರ್ಮಾ ಸುತ್ತಿದ. ಮೇಲಧಿಕಾರಿಯ ಸಮವಸ್ತ್ರ ತೊಟ್ಟು, ಅವರದೇ ಗತ್ತಿನಲ್ಲಿ ಮಾತಾಡುತ್ತ ಅವರ ಮೆಸ್ಸಿಗೇ ನುಗ್ಗುತ್ತಿದ್ದನೆಂಬ ಕಥೆಗಳು ಆ ದಿನಗಳವು.

ಅವನನ್ನು ನಟನನ್ನಾಗಿ ಮಾಡಿದ್ದು ಮಾತ್ರ ರೇಡಿಯೊ. 1951ರ ಮೇ 28ರಂದು ಬಿಬಿಸಿಯಲ್ಲಿ ಶುರುವಾಗಿ 1960ರ ಜನವರಿಯವರೆಗೆ ನಡೆದ 'ದಿ ಗೂನ್ ಶೋ' ಬ್ರಿಟಿಷ್ ಹಾಸ್ಯದ ದಿಕ್ಕನ್ನೇ ಬದಲಿಸಿತು. ಬರೆಯುತ್ತಿದ್ದವನು ಮುಖ್ಯವಾಗಿ ಸ್ಪೈಕ್ ಮಿಲಿಗನ್. ನಮ್ಮ ಅಹ್ಮದ್‌ನಗರದಲ್ಲಿ ಹುಟ್ಟಿ, ಪುಣೆಯಲ್ಲಿ ಆಡಿ ಬೆಳೆದ ಸೈನಿಕನ ಮಗ. ಜೊತೆಗೆ ಹ್ಯಾರಿ ಸೀಕೂಂಬ್, ಮೊದಲ ಒಂದೆರಡು ವರ್ಷ ಮೈಕೆಲ್ ಬೆಂಟೀನ್. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ತಲೆಬುಡವಿಲ್ಲದ ಕಥೆ, ಸಿಡಿಯುವ ಬಾಂಬು, ನಡುನಡುವೆ ಸಂಗೀತ. ಸೆಲ್ಲರ್ಸ್ ಅದರಲ್ಲಿ ಮೇಜರ್ ಬ್ಲಡ್‌ನಾಕ್ ಎಂಬ ಪುಕ್ಕಲು ದಂಡನಾಯಕ, ಹೆನ್ರಿ ಕ್ರನ್ ಎಂಬ ನಡುಗುವ ಮುದುಕ, ಗ್ರಿಟ್‌ಪೈಪ್‌ಥಿನ್ ಎಂಬ ನಯವಂಚಕ. ಕೀಚಲು ದನಿಯ ಬ್ಲೂಬಾಟಲ್ ಎಂಬ ಹುಡುಗನೂ ಅವನೇ. ಮೈಕಿನ ಮುಂದೆ ನಿಂತು ಒಂದು ಪಾತ್ರ ಕೇಳಿದ ಪ್ರಶ್ನೆಗೆ ಇನ್ನೊಂದು ಪಾತ್ರವಾಗಿ ತಾನೇ ಉತ್ತರಿಸುತ್ತಿದ್ದ. ಮಿಲಿಗನ್ ಕಾಯಿಲೆ ಬಿದ್ದಾಗ ಅವನ ಪಾತ್ರಗಳನ್ನೂ ಹೊತ್ತದ್ದುಂಟು.

ರೇಡಿಯೊದಲ್ಲಿ ವೇಷಕ್ಕೆ ಬೆಲೆಯಿಲ್ಲ. ಮೂರು ನಿಮಿಷದ ಪ್ರಹಸನದಲ್ಲಿ ಒಬ್ಬ ಮನುಷ್ಯನ ಊರು, ಓದು, ವಯಸ್ಸು, ಅಹಂಕಾರ ಎಲ್ಲ ಅವನ ಮೊದಲ ಎರಡು ವಾಕ್ಯಗಳಲ್ಲೇ ಕಿವಿಗೆ ಬೀಳಬೇಕು. ಸೆಲ್ಲರ್ಸ್ ಸಿನಿಮಾಕ್ಕೆ ತಂದದ್ದು ಈ ಅಭ್ಯಾಸವನ್ನು. ಪಾತ್ರದ ದನಿ ಸಿಗುವ ತನಕ ಒದ್ದಾಡುತ್ತಿದ್ದ. ದನಿ ಸಿಕ್ಕಿತೆಂದರೆ ನಡಿಗೆ, ಮೀಸೆ, ಮುಖ ಅದರ ಬೆನ್ನಿಗೇ ಬರುತ್ತಿದ್ದವು. 'ಐಯಾಮ್ ಆಲ್ ರೈಟ್ ಜ್ಯಾಕ್' (1959) ಚಿತ್ರದ ಕಾರ್ಮಿಕ ನಾಯಕ ಫ್ರೆಡ್ ಕೈಟ್‌ನ ಪಾತ್ರವನ್ನು, ಇದರಲ್ಲಿ ನಗುವಂಥದ್ದೇನೂ ಇಲ್ಲವೆಂದು ಮೊದಲು ಬೇಡವೆಂದಿದ್ದ. ಪರೀಕ್ಷಾರ್ಥ ಚಿತ್ರೀಕರಣದಲ್ಲಿ ದೊಡ್ಡ ಪದಗಳನ್ನು ತಪ್ಪಾಗಿ ಉರುಳಿಸುವ ಆ ಬಿಗಿಮುಖದ ಮನುಷ್ಯನನ್ನು ನೋಡಿ ತಂತ್ರಜ್ಞರು ನಕ್ಕುಬಿಟ್ಟರು. ಬಾಫ್ಟಾ ಪ್ರಶಸ್ತಿ ಬಂತು. ಕೈಟ್ ಒಂದು ಜೋಕನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಈ ಕಲೆ ತುತ್ತತುದಿ ಮುಟ್ಟಿದ್ದು ಸ್ಟ್ಯಾನ್ಲಿ ಕ್ಯೂಬ್ರಿಕ್‌ನ 'ಡಾ. ಸ್ಟ್ರೇಂಜ್‌ಲವ್' (1964) ಚಿತ್ರದಲ್ಲಿ. ಅಣುಯುದ್ಧದ ಮೇಲಿನ ಆ ಕರಾಳ ವಿಡಂಬನೆಯಲ್ಲಿ ಸೆಲ್ಲರ್ಸ್‌ಗೆ ಮೂರು ಪಾತ್ರ: ಬ್ರಿಟಿಷ್ ವಾಯುಪಡೆ ಅಧಿಕಾರಿ, ಅಮೆರಿಕದ ಅಧ್ಯಕ್ಷ, ಗಾಲಿಕುರ್ಚಿಯ ಜರ್ಮನ್ ವಿಜ್ಞಾನಿ. ನಾಲ್ಕನೆಯದಾದ ಬಾಂಬರ್ ವಿಮಾನದ ಮೇಜರ್ ಪಾತ್ರ, ಕಾಲಿಗೆ ಪೆಟ್ಟಾದ್ದರಿಂದ ಸ್ಲಿಮ್ ಪಿಕನ್ಸ್ ಪಾಲಾಯಿತು. ಕೈತಪ್ಪಿ ನಾಜಿ ಸೆಲ್ಯೂಟ್ ಹೊಡೆಯುವ ವಿಜ್ಞಾನಿಯೇ ಎಲ್ಲರಿಗೂ ನೆನಪು. ನನ್ನ ಮತ ಅಧ್ಯಕ್ಷನಿಗೆ. ಈ ಅಧ್ಯಕ್ಷನನ್ನು ಸೆಲ್ಲರ್ಸ್ ಮೊದಲು ನೆಗಡಿ ಹಿಡಿದ ಸಪ್ಪೆ ಮನುಷ್ಯನಾಗಿ ಆಡಿದಾಗ ಸೆಟ್ಟಿನವರೆಲ್ಲ ಬಿದ್ದುಬಿದ್ದು ನಕ್ಕರು. ಇಲ್ಲೊಬ್ಬನಾದರೂ ನೆಟ್ಟಗಿರಲಿ ಎಂದು ಕ್ಯೂಬ್ರಿಕ್ ಅದನ್ನು ತೆಗೆಸಿದ.

ಆಮೇಲೆ ಉಳಿದದ್ದು ಆ ಟೆಲಿಫೋನ್ ದೃಶ್ಯ. ಹುಚ್ಚು ಹಿಡಿದ ಸೇನಾಧಿಕಾರಿಯೊಬ್ಬ ರಷ್ಯಾದ ಮೇಲೆ ಬಾಂಬರ್‌ಗಳನ್ನು ಕಳಿಸಿಬಿಟ್ಟಿದ್ದಾನೆ. ಸುದ್ದಿಯನ್ನು ಅಧ್ಯಕ್ಷ ರಷ್ಯಾದ ಪ್ರಧಾನಿಗೆ ತಿಳಿಸಬೇಕು. ಆತ ಕುಡಿದಿದ್ದಾನೆ, ಹಿಂದೆ ಸಂಗೀತ ಜೋರು. ಆ ಕಡೆಯ ಮಾತು ನಮಗೆ ಕೇಳುವುದೇ ಇಲ್ಲ. ಅಧ್ಯಕ್ಷ ಸಂಗೀತ ತಗ್ಗಿಸಲು ಕೇಳಿಕೊಳ್ಳುತ್ತಾನೆ, ಕುಶಲ ವಿಚಾರಿಸುತ್ತಾನೆ, ಬಾಂಬಿನ ವಿಷಯವನ್ನು ಮದುವೆಮನೆಯಲ್ಲಿ ಸಾರು ಕಮ್ಮಿಯಾದ ಸುದ್ದಿಯಂತೆ ಮೆಲ್ಲಗೆ ಎತ್ತುತ್ತಾನೆ. ಕೊನೆಗೆ ಇಬ್ಬರಲ್ಲಿ ಹೆಚ್ಚು ಬೇಜಾರು ಯಾರಿಗಾಗಿದೆ ಎಂಬುದರ ಮೇಲೆ ಚರ್ಚೆಯೇ ಹತ್ತಿಕೊಳ್ಳುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಈ ದೃಶ್ಯ ಅಷ್ಟೇ ಸೊಗಸು. ಒಂಬತ್ತು ವರ್ಷದ ರೇಡಿಯೊ ಕೆಲಸ ಇಲ್ಲಿ ಇಡಿಯಾಗಿ ಕಾಣುತ್ತದೆ.

ಭಾರತೀಯ ಓದುಗರಿಗೆ ಸೆಲ್ಲರ್ಸ್ ಜೊತೆ ಇನ್ನೊಂದು ಲೆಕ್ಕವೂ ಇದೆ. 'ದಿ ಮಿಲಿಯನೇರೆಸ್' (1960) ಚಿತ್ರದಲ್ಲಿ ಸೋಫಿಯಾ ಲೊರೆನ್ ಎದುರು ಆತ ಭಾರತೀಯ ವೈದ್ಯ. ಅದರ ಪ್ರಚಾರಕ್ಕೆ ಇಬ್ಬರೂ ಹಾಡಿದ 'ಗುಡ್‌ನೆಸ್ ಗ್ರೇಶಿಯಸ್ ಮಿ' ಬ್ರಿಟನ್ನಿನಲ್ಲಿ ಮನೆಮಾತಾಯಿತು. ಬ್ಲೇಕ್ ಎಡ್ವರ್ಡ್ಸ್‌ನ 'ದಿ ಪಾರ್ಟಿ' (1968) ಚಿತ್ರದಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೃಂದಿ ವಿ. ಬಕ್ಷಿ ಎಂಬ ಎಡವಟ್ಟು ನಟನಾದ. ತೆಳ್ಳಗಿನ ಚಿತ್ರಕಥೆ, ಉಳಿದದ್ದೆಲ್ಲ ಸ್ಥಳದಲ್ಲೇ ಹೊಳೆದದ್ದು. ಆಡಿದ್ದನ್ನು ಆಗಲೇ ನೋಡಿಕೊಳ್ಳಲು ಕ್ಯಾಮೆರಾಕ್ಕೆ ವಿಡಿಯೊ ಯಂತ್ರ ಜೋಡಿಸಿದ್ದರು. ಅಂದಿಗೆ ಅದು ಹೊಸತು. ಕಳೆದುಹೋದ ಒಂದು ಶೂಗಾಗಿ ಬಕ್ಷಿ ಪಡುವ ಪಾಡಿಗೆ ನಾನು ಈಗಲೂ ನಗುತ್ತೇನೆ, ಆ ಬಣ್ಣ ನೋಡಿ ಮುಜುಗರವನ್ನೂ ಪಡುತ್ತೇನೆ. ಎರಡರಲ್ಲಿ ಯಾವುದನ್ನೂ ಬಿಟ್ಟುಕೊಡಬೇಕಿಲ್ಲ. ಸತ್ಯಜಿತ್ ರಾಯ್ ಅವರೂ ತಮ್ಮ 'ದಿ ಏಲಿಯನ್' ಚಿತ್ರದ ಮಾರ್ವಾಡಿ ವ್ಯಾಪಾರಿಯ ಪಾತ್ರಕ್ಕೆ ಇವನನ್ನೇ ಒಪ್ಪಿಸಿದ್ದರು. ಸೆಲ್ಲರ್ಸ್ ಹಿಂದೆ ಸರಿದ, ಚಿತ್ರ ಆಗಲೇ ಇಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ಭಾರತೀಯ ಮೂಲದ ಕಲಾವಿದರು, ಮೀರಾ ಸಯಾಲ್, ಸಂಜೀವ್ ಭಾಸ್ಕರ್ ಮೊದಲಾದವರು, ತಮ್ಮದೇ ಪ್ರಹಸನ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕಿಟ್ಟ ಹೆಸರು 'ಗುಡ್‌ನೆಸ್ ಗ್ರೇಶಿಯಸ್ ಮಿ'. ಕುಡಿದು ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಇರುವುದರಲ್ಲೇ ಅತ್ಯಂತ ಸಪ್ಪೆ ಊಟ ತನ್ನಿ ಎನ್ನುವ ಭಾರತೀಯರ ಪ್ರಹಸನ ಅದರ ಕಿರೀಟ. ಬಡ್ಡಿ ಸಮೇತ ಸಾಲ ತೀರಿತು.

1964ರ ಏಪ್ರಿಲ್‌ನಲ್ಲಿ, ಇನ್ನೂ ಮೂವತ್ತೆಂಟರಲ್ಲಿ, ಸೆಲ್ಲರ್ಸ್‌ನ ಹೃದಯ ಮೂರು ಗಂಟೆಗಳಲ್ಲಿ ಎಂಟು ಸಲ ಕೈಕೊಟ್ಟಿತು. ಬಿಲ್ಲಿ ವೈಲ್ಡರ್‌ನ ಚಿತ್ರವನ್ನು ಅರ್ಧಕ್ಕೇ ಬಿಡಬೇಕಾಯಿತು. ಆಮೇಲಿನ ಹತ್ತು ವರ್ಷದ ಚಿತ್ರಗಳಲ್ಲಿ ಹೆಚ್ಚಿನವು ಮರೆತರೆ ನಷ್ಟವಿಲ್ಲದವು. ನಾಲ್ಕು ಮದುವೆ, ಸಿಡುಕು, ನಿರ್ದೇಶಕರೊಂದಿಗೆ ಜಗಳ. ದಡ ಸೇರಿಸಿದ್ದು ಇನ್‌ಸ್ಪೆಕ್ಟರ್ ಕ್ಲೂಸೊ ಎಂಬ ಎಡವಟ್ಟು ಫ್ರೆಂಚ್ ಪೊಲೀಸ್. 1963ರ 'ದಿ ಪಿಂಕ್ ಪ್ಯಾಂಥರ್' ಚಿತ್ರದಲ್ಲಿ ಪೀಟರ್ ಉಸ್ತಿನೊವ್ ಬಿಟ್ಟುಹೋದದ್ದರಿಂದ ಸಿಕ್ಕಿದ್ದ ಪಾತ್ರವದು. 1975ರ ಮರುಪ್ರವೇಶ ದುಡ್ಡಿನ ಮಳೆ ತಂದಿತು. ಕ್ಲೂಸೊನ ಫ್ರೆಂಚ್ ಉಚ್ಚಾರ ಫ್ರೆಂಚರಿಗೇ ಅರ್ಥವಾಗದು.

ಅವನಿಗೆ ಬೇಕಿದ್ದುದು ಬೇರೆ. ಜೆರ್ಜಿ ಕೊಸಿನ್ಸ್ಕಿಯ 'ಬೀಯಿಂಗ್ ದೇರ್' ಕಾದಂಬರಿ ಓದಿ, ಅದರ ತೋಟಗಾರ ನಾನೇ ಎಂದು ಲೇಖಕನಿಗೆ ತಂತಿ ಕಳಿಸಿದ್ದ. ಚಾನ್ಸ್ ಎಂಬ ಆ ತೋಟಗಾರ ಹೊರಜಗತ್ತನ್ನು ಕಂಡಿರುವುದು ಟಿವಿಯಲ್ಲಷ್ಟೇ. ಯಜಮಾನ ಸತ್ತು ಬೀದಿಗೆ ಬಿದ್ದವನು ಗಿಡ, ಬೇರು, ಋತುಗಳ ಬಗ್ಗೆ ಆಡಿದ ಮಾತನ್ನು ದೊಡ್ಡವರು ಅರ್ಥನೀತಿಯೆಂದು ತಿಳಿಯುತ್ತಾರೆ. ಹಾಲ್ ಆಶ್ಬಿಯ ಚಿತ್ರ 1979ರಲ್ಲಿ ಬಂದಾಗ, ದನಿಗಳ ಸಂತೆಯನ್ನೇ ನಡೆಸಿದ್ದವನು ಬಣ್ಣವಿಲ್ಲದ, ಏರಿಳಿತವಿಲ್ಲದ ಒಂದೇ ದನಿಯಲ್ಲಿ ಎರಡು ಗಂಟೆ ನಿಂತಿದ್ದ. ಗೋಲ್ಡನ್ ಗ್ಲೋಬ್ ಬಂತು, ಆಸ್ಕರ್ ಡಸ್ಟಿನ್ ಹಾಫ್‌ಮನ್ ಪಾಲಾಯಿತು. ಕೊನೆಯ ಹೆಸರುಪಟ್ಟಿಯ ಜೊತೆ, ಸೆಲ್ಲರ್ಸ್ ನಗು ತಡೆಯಲಾರದೆ ಹಾಳುಮಾಡಿದ ಶಾಟ್‌ಗಳನ್ನು ಆಶ್ಬಿ ತೋರಿಸಿದ್ದ. ಪ್ರೇಕ್ಷಕರು ನಕ್ಕರು, ಸೆಲ್ಲರ್ಸ್ ಕೆರಳಿದ. ಪಾತ್ರದ ಮಾಯೆಯೆಲ್ಲ ಒಡೆಯಿತೆಂಬುದು ಅವನ ದೂರು. ನಾನು ಅವನ ಪಕ್ಷ.

1980ರ ಜುಲೈ 24ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ಅವನಿಗೆ 54. ಅಂತ್ಯಕ್ರಿಯೆಯಲ್ಲಿ ಅವನು ಬದುಕಿಡೀ ಸಹಿಸದ 'ಇನ್ ದ ಮೂಡ್' ರಾಗವನ್ನೇ, ಅವನದೇ ಅಪೇಕ್ಷೆಯಂತೆ, ನುಡಿಸಿದರು. ಎರಡು ವರ್ಷದ ಮೇಲೆ, ಹಳೆಯ ಪ್ಯಾಂಥರ್ ಚಿತ್ರಗಳಲ್ಲಿ ಕತ್ತರಿಸಿ ಎಸೆದಿದ್ದ ತುಣುಕುಗಳನ್ನು ಹೊಲಿದು 'ಟ್ರೇಲ್ ಆಫ್ ದಿ ಪಿಂಕ್ ಪ್ಯಾಂಥರ್' ಎಂಬ ಹೊಸ ಚಿತ್ರವನ್ನು ಬಿಡುಗಡೆ ಮಾಡಲಾಯಿತು. ಇದು ಗಂಡನ ಹೆಸರಿಗೆ ಕಳಂಕವೆಂದು ಹೆಂಡತಿ ಲಿನ್ ಫ್ರೆಡ್ರಿಕ್ ದಾವೆ ಹೂಡಿದಳು, ಗೆದ್ದಳು.