ಹತ್ತಿ ಧೂಳಿನ ಕಾಯಿಲೆ: ಪಬ್‌ಮೆಡ್‌ನಲ್ಲಿ ಹುಡುಕುವ ಬಗೆ

ಪ್ರಶ್ನೆ: ಇಚಲಕರಂಜಿಯಂಥ ಮಗ್ಗದ ಊರಿನ ಕೆಲಸಗಾರರ ಕೆಮ್ಮು-ದಮ್ಮಿನ ಬಗ್ಗೆ ಪಬ್‌ಮೆಡ್‌ನಲ್ಲಿ ಬೇಕಾದ ಲೇಖನವನ್ನೇ ಹುಡುಕುವುದು ಹೇಗೆ?

ಉತ್ತರ: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್‌ನಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಒಂದೇ ಬಟ್ಟೆಗೆ ಅಂಗಡಿಗೊಂದು ಹೆಸರಿದ್ದರೂ ಗಿರಣಿಯ ಲೆಕ್ಕದಲ್ಲಿ ಒಂದೇ ನಂಬರ್ ಇರುವಂತೆ, ಇಲ್ಲಿನ ವಿಷಯ ಶೀರ್ಷಿಕೆಗಳ 'ಮೆಶ್' ಪಟ್ಟಿ ಹತ್ತಿ ಧೂಳಿನ ಶ್ವಾಸಕೋಶ ರೋಗಕ್ಕೆ 'ಬಿಸಿನೋಸಿಸ್' ಎಂಬ ಒಂದೇ ಶೀರ್ಷಿಕೆ ಕೊಟ್ಟಿದೆ. ಮೊದಲು ಹುಡುಕಬೇಕಾದದ್ದು ಅದನ್ನೇ. ಬಳಿಕ ದೊಡ್ಡಕ್ಷರದ 'ಆ್ಯಂಡ್' ಹಾಕಿ 'ಇಂಡಿಯಾ' ಸೇರಿಸಿದರೆ ಎರಡೂ ಇರುವ ಲೇಖನಗಳಷ್ಟೇ ಉಳಿಯುತ್ತವೆ. 'ಆರ್' ಹಾಕಿದರೆ ಪಟ್ಟಿ ಹಿಗ್ಗುತ್ತದೆ. ಬರೀ ಊರಿನ ಹೆಸರು ಸಾಲದು: ಲೇಖಕರ ವಿಳಾಸದಲ್ಲಿ ಆ ಹೆಸರಿದ್ದರೆ ಬೇರೆ ವಿಷಯದ ಬರಹಗಳೂ ಬಂದು ಸೇರುತ್ತವೆ. ಎಲ್ಲ ಲೇಖನಗಳಿಗೂ ಮೆಶ್ ಶೀರ್ಷಿಕೆ ಅಂಟಿಸಿರುವುದಿಲ್ಲವಾದ್ದರಿಂದ, 'ಕಾಟನ್ ಡಸ್ಟ್' ಎಂಬ ಸಾದಾ ಪದಗಳಿಂದಲೂ ಒಮ್ಮೆ ಹುಡುಕಬೇಕು. ದುಡ್ಡಿಲ್ಲದೆ ಪೂರ್ತಿ ಓದಲು 'ಫ್ರೀ ಫುಲ್ ಟೆಕ್ಸ್ಟ್' ಆಯ್ಕೆಯಿದೆ.