ಉಂಡ ಮೇಲೆ ವಾಂತಿ ಮಾಡುವ ಸಾಕುಬೆಕ್ಕು

ಹಳ್ಳಿಯ ಮನೆಯ ಬೆಕ್ಕು ಇಲಿ, ಹಲ್ಲಿಗಳನ್ನು ಹಿಡಿದು ದಿನಕ್ಕೆ ಹತ್ತಾರು ಸಲ ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ. ಅದರ ಜಠರವು ಈ ಕ್ರಮಕ್ಕೇ ಹೊಂದಿಕೊಂಡಿದೆ. ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಬೆಳೆಯುವ ಬೆಕ್ಕಿನ ಊಟವಾದರೋ ಲೋಕಲ್ ರೈಲಿನ ವೇಳಾಪಟ್ಟಿಯನ್ನು ಅವಲಂಬಿಸಿರುತ್ತದೆ. ಮನೆಯವರು ಬೆಳಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ರಾತ್ರಿಗೆ. ಹಗಲೆಲ್ಲ ಹಸಿದ ಪ್ರಾಣಿ ತಟ್ಟೆ ಕಂಡೊಡನೆ ಗಬಗಬನೆ ನುಂಗಿ, ಕೆಲವೇ ನಿಮಿಷಗಳಲ್ಲಿ ತಿಂದುದೆಲ್ಲವನ್ನೂ ಹೊರಹಾಕುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದು ರೋಗವಲ್ಲ, ಅವಸರದ ಫಲ. ಆದರೆ ಕೆಲವು ಸಂದರ್ಭಗಳಲ್ಲಿ ಇದೇ ವಾಂತಿ ಪ್ರಾಣಾಪಾಯದ ಮೊದಲ ಸೂಚನೆಯಾಗಿರುತ್ತದೆ. ಇವೆರಡರ ವ್ಯತ್ಯಾಸವನ್ನು ಸಾಕುವವರು ಅರಿತಿರುವುದು ಅವಶ್ಯಕ.

ಹೊರಬಿದ್ದ ಆಹಾರವನ್ನು ಒರೆಸಿ ಎಸೆಯುವ ಮುನ್ನ ಒಮ್ಮೆ ನೋಡಬೇಕು. ತಿಂದ ಸ್ವಲ್ಪ ಹೊತ್ತಿನಲ್ಲಿಯೇ, ಹೊಟ್ಟೆಯ ಸೆಳೆತವಿಲ್ಲದೆ, ಜೀರ್ಣವಾಗದ ಆಹಾರವು ಕೊಳವೆಯಾಕಾರದಲ್ಲಿ ಬಿದ್ದಿದ್ದರೆ ಅದು ಜಠರವನ್ನು ತಲುಪದೆ ಅನ್ನನಾಳದಿಂದಲೇ ಹಿಂದಿರುಗಿದೆ ಎಂದು ತಿಳಿಯಬಹುದು. ಹೊಟ್ಟೆ ಹಿಂಡಿ ಹಿಂಡಿ ಹಳದಿ ಪಿತ್ತರಸ ಬಂದರೆ ಅದು ನಿಜವಾದ ವಾಂತಿ. ಉದ್ದನೆಯ ಕೂದಲಿನ ಉಂಡೆ ಕಂಡರೆ ಗಾಬರಿ ಬೇಡ. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ಮೈ ನೆಕ್ಕುವಾಗ ಉದುರಿದ ಕೂದಲು ಹೊಟ್ಟೆಯನ್ನೇ ಸೇರುತ್ತದೆ. ದಿನವೂ ಬಾಚಿದರೆ ಇದು ಕಡಮೆಯಾಗುತ್ತದೆ. ಬಿಳಿ ನೂಲಿನಂತಹ ಹುಳುಗಳು ಬಿದ್ದಿದ್ದರೆ ಜಂತುನಾಶಕ ಔಷಧಿಗಾಗಿ ಪಶುವೈದ್ಯರನ್ನು ಕಾಣಬೇಕು.

ಅವಸರದಿಂದ ತಿನ್ನುವ ಬೆಕ್ಕಿಗೆ ಪರಿಹಾರ ಸರಳ. ದಿನದ ಆಹಾರವನ್ನು ನಾಲ್ಕು ಪಾಲು ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ ಕೊಡಬೇಕು. ಎರಡು ಬೆಕ್ಕುಗಳಿದ್ದರೆ ಒಂದಕ್ಕೊಂದು ಕಾಣದಂತೆ ಬೇರೆ ಬೇರೆ ಕಡೆ ಉಣಿಸುವುದು ಲೇಸು. ಬೆಳಗ್ಗೆ ಇಟ್ಟ ಬೇಯಿಸಿದ ಮೀನು ಇಲ್ಲಿನ ಸೆಕೆಯಲ್ಲಿ ಸಂಜೆಯವರೆಗೆ ಕೆಡದೆ ಉಳಿಯದು. ಮಳೆಗಾಲದಲ್ಲಿ ತೆರೆದಿಟ್ಟ ಒಣ ಆಹಾರಕ್ಕೂ ತೇವ ತಗುಲಿ ಬೂಷ್ಟು ಹಿಡಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಒಣ ಬೊಂಬಿಲ್ ಮುಂತಾದ ಉಪ್ಪುಮೀನು ಅಡುಗೆಮನೆಗೆ ಬರುತ್ತದೆ. ಮನುಷ್ಯರಿಗೆ ರುಚಿಯಾದ ಆ ಉಪ್ಪು ಬೆಕ್ಕಿನ ಹೊಟ್ಟೆಗೆ ಹಿತವಲ್ಲ.

ಹಾಲಿನ ವಿಷಯದಲ್ಲಿ ನಮ್ಮ ರೂಢಿಯನ್ನು ತಿದ್ದಿಕೊಳ್ಳಬೇಕಾಗಿದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದು ಬಾಯಿ ಸುಟ್ಟ ಭಯದಿಂದ. ಓಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬರಿಯ ಹಾಲನ್ನದ ಮೇಲೆ ಬೆಕ್ಕನ್ನು ಸಾಕುವುದು ಇನ್ನೂ ಕೇಡು. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಪೋಷಕಾಂಶವಿಲ್ಲದೆ ಅದರ ಕಣ್ಣು ಮತ್ತು ಹೃದಯಗಳು ಕ್ಷೀಣಿಸುತ್ತವೆ.

ಒಂದು ಸಲ ವಾಂತಿ ಮಾಡಿ ಅನಂತರ ಲವಲವಿಕೆಯಿಂದಿರುವ ಬೆಳೆದ ಬೆಕ್ಕಿಗೆ ಕೆಲವು ಗಂಟೆಗಳ ಕಾಲ ಆಹಾರ ಕೊಡದೆ, ನೀರನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ತರುವಾಯ ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ, ಎಲುಬಿಲ್ಲದ ಕೋಳಿಮಾಂಸವನ್ನು ಒಂದೊಂದು ಚಮಚದಂತೆ ಆರಂಭಿಸುವುದು. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ನಾಶಪಡಿಸುತ್ತವೆ. ಮರಿಗಳನ್ನು ಉಪವಾಸ ಕೆಡವಬಾರದು. ದೊಡ್ಡ ಬೆಕ್ಕು ಕೂಡ ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ಮೈತುಂಬಿಕೊಂಡದ್ದಾಗಿದ್ದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ಶೇಖರವಾಗಿ ಹೊಸ ಕಾಯಿಲೆಗೆ ದಾರಿಯಾಗುತ್ತದೆ.

ಮಾಡಲೇಬಾರದ ಒಂದು ಕೆಲಸವಿದೆ. ಮನೆಯಲ್ಲಿರುವ ಪಾರಾಸಿಟಮಾಲ್ ಮಾತ್ರೆಯನ್ನು ಮಕ್ಕಳಿಗೆ ಕೊಟ್ಟಂತೆ ಚೂರು ಮಾಡಿ ಬೆಕ್ಕಿಗೆ ಕೊಡುವವರುಂಟು. ಈ ಔಷಧಿಯನ್ನು ನಿರ್ವಿಷಗೊಳಿಸುವ ಸಾಮರ್ಥ್ಯ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಮೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು. ಚೂರು ಕೂಡ ಅಪಾಯವೇ. ವಸಡು ಕಂದು ಅಥವಾ ನೀಲಿಯಾಗುವುದು, ಮುಖ ಊದಿಕೊಳ್ಳುವುದು ಇದರ ಲಕ್ಷಣಗಳು. ಇದೇ ಕಾರಣದಿಂದ ಕಪ್ಪು ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುವ ಬೆಕ್ಕಿಗೂ ವಿಷವೇರುವ ಸಂಭವವಿದೆ. ನೆಲವನ್ನು ಶುದ್ಧ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿರಿಸಬೇಕು. ಹೊಲಿಗೆಯ ದಾರ, ಗಾಳಿಪಟದ ಮಾಂಜಾ ಬಾಯಲ್ಲೋ ಗುದದ್ವಾರದಲ್ಲೋ ತೂಗುತ್ತಿದ್ದರೆ ಎಳೆಯಕೂಡದು. ಒಳಗೆ ಸಿಕ್ಕಿಕೊಂಡ ದಾರವು ಕರುಳನ್ನು ಕತ್ತರಿಸುತ್ತದೆ.

ಗಂಡುಬೆಕ್ಕು ಮಣ್ಣಿನ ತಟ್ಟೆಗೆ ಪದೇ ಪದೇ ಹೋಗಿ, ಮುಕ್ಕಿರಿದರೂ ಮೂತ್ರ ಬಾರದೆ, ಜೊತೆಗೆ ವಾಂತಿಯೂ ಆಗುತ್ತಿದ್ದರೆ ಅದನ್ನು ಮಲಬದ್ಧತೆಯೆಂದು ಭಾವಿಸಿ ಬೆಳಗಾಗುವವರೆಗೆ ಕಾಯುವುದು ತಪ್ಪು. ಮೂತ್ರನಾಳ ಕಟ್ಟಿದರೆ ಒಂದೆರಡು ದಿನಗಳಲ್ಲಿ ಸಾವು ಸಂಭವಿಸಬಹುದು. ನೀರೂ ನಿಲ್ಲದಿರುವುದು, ದಿನದಲ್ಲಿ ಮೂರಕ್ಕಿಂತ ಹೆಚ್ಚು ವಾಂತಿ, ರಕ್ತ, ಮಂಕು, ಇವೂ ತಡಮಾಡಬಾರದ ಲಕ್ಷಣಗಳೇ. ಲಸಿಕೆ ಹಾಕಿಸದ ಮರಿಯಲ್ಲಿ ವಾಂತಿಯೊಂದಿಗೆ ಭೇದಿ, ಜ್ವರ ಕಂಡುಬಂದರೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಾಣು ರೋಗದ ಶಂಕೆ ಬರಬೇಕು. ಇದರ ಲಸಿಕೆಯನ್ನು ಮರಿಗೆ 6ರಿಂದ 8 ವಾರಗಳಾದಾಗ ಆರಂಭಿಸಿ, ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಹತ್ತು ವರ್ಷ ದಾಟಿದ ಬೆಕ್ಕು ಚೆನ್ನಾಗಿ ತಿಂದರೂ ಸೊರಗುತ್ತ, ಆಗಾಗ ವಾಂತಿ ಮಾಡುತ್ತಿದ್ದರೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಸೂಕ್ತ.

ತುರ್ತು ಸಂದರ್ಭದಲ್ಲಿ ಮೊದಲು ಹತ್ತಿರದ ಪಶುವೈದ್ಯರ ಬಳಿಗೇ ಹೋಗಬೇಕು. ಪರೇಲಿನಲ್ಲಿ 19ನೆಯ ಶತಮಾನದಲ್ಲಿ ಸ್ಥಾಪನೆಯಾದ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯು ಕಲ್ಯಾಣದಿಂದ ಸುಮಾರು 45 ಕಿಲೋಮೀಟರು ದೂರವಿದೆ. ಅಷ್ಟು ದೂರದ ಪ್ರಯಾಣವನ್ನು ವೈದ್ಯರ ಸಲಹೆಯ ಮೇರೆಗೆ ಕೈಗೊಳ್ಳುವುದು ಒಳಿತು. ಗಾಳಿಯಾಡುವ ಮುಚ್ಚಿದ ಬುಟ್ಟಿಯಲ್ಲಿ ಹಳೆಯ ಟವೆಲ್ ಹಾಸಿ ಬೆಕ್ಕನ್ನು ಕೂರಿಸಿ, ಮೇಲೊಂದು ತೆಳು ಬಟ್ಟೆ ಹೊದಿಸಬೇಕು. ವಾಂತಿಯ ಮಾದರಿಯನ್ನು ಡಬ್ಬಿಯಲ್ಲಿ ಒಯ್ಯಬೇಕು. ಸಾಧ್ಯವಾದರೆ ವಾಂತಿ ಮಾಡುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡಿರಬೇಕು. ಉಂಡದ್ದು ಎಷ್ಟು ಹೊತ್ತಿಗೆ, ಕಕ್ಕಿದ್ದು ಎಷ್ಟು ಹೊತ್ತಿಗೆ ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು.