ಮಗುವಿನ ಕಣ್ಣಿಗೆ ಜೀವ ಕಾಣುವ ಬಗೆ

ಅಕ್ಕನ ಅಥವಾ ಅತ್ತಿಗೆಯ ಮಗುವನ್ನು ಆಡಿಸುವ ಕೆಲಸ ನಿಮ್ಮಲ್ಲಿ ಕೆಲವರ ಪಾಲಿಗಾದರೂ ಬಂದಿರಬೇಕು. ಡೊಂಬಿವಲಿಯ ಚಿಕ್ಕ ಮನೆಯಾಗಲಿ, ಮುಲುಂಡಿನ ಹತ್ತನೆಯ ಮಾಳಿಗೆಯಾಗಲಿ, ಮಗುವಿನ ಕಣ್ಣೆದುರು ಅಲುಗಾಡುವುದಕ್ಕೆ ಬರವಿಲ್ಲ. ತಿರುಗುವ ಫ್ಯಾನು, ಗಾಳಿಗೆ ಹಾರುವ ಪರದೆ, ಕಿಟಕಿಯ ಗ್ರಿಲ್ಲಿಗೆ ಬಂದು ಕೂರುವ ಪಾರಿವಾಳ, ಅಡುಗೆಮನೆಯಿಂದ ನಡೆದು ಬರುವ ಅಜ್ಜಿ. ಇವುಗಳಲ್ಲಿ ಯಾವುದಕ್ಕೆ ಜೀವವಿದೆ ಎಂದು ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಅದರ ಕಣ್ಣು ಆರಿಸಿಕೊಳ್ಳುತ್ತದೆ.

ಇದರ ಸುಳಿವು ಸಿಕ್ಕಿದ್ದು ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಅವರ ಪ್ರಯೋಗದಿಂದ. ಮನುಷ್ಯನ ಭುಜ, ಮೊಣಕೈ, ಮೊಣಕಾಲು ಮುಂತಾದ ಕೀಲುಗಳಲ್ಲಿ ಬೆಳಕಿನ ಚುಕ್ಕೆಗಳಷ್ಟೇ ಕಾಣುವಂತೆ ಅವರು ಕತ್ತಲಲ್ಲಿ ಚಿತ್ರ ತೆಗೆದರು. ನಿಂತಿದ್ದರೆ ಬರೀ ಚುಕ್ಕೆಗಳು. ಒಂದು ಹೆಜ್ಜೆ ಇಟ್ಟರೆ ಸಾಕು, ನೋಡಿದವರು "ಯಾರೋ ನಡೆಯುತ್ತಿದ್ದಾರೆ" ಎನ್ನುತ್ತಿದ್ದರು. ಇದು ಪ್ರಕಟವಾದದ್ದು 1973ರಲ್ಲಿ.

ದೊಡ್ಡವರಿಗೆ ಅನುಭವವಿದೆ, ಸರಿ. ಹಸುಗೂಸಿಗೆ? ಇಟಲಿಯ ಪಾದುವಾದಲ್ಲಿ ಫ್ರಾಂಚೆಸ್ಕಾ ಸಿಮಿಯೋನ್ ಮತ್ತು ಸಂಗಡಿಗರು ಹುಟ್ಟಿ ಎರಡೇ ದಿನವಾದ ಶಿಶುಗಳಿಗೆ ಇಂಥ ಚುಕ್ಕೆಗಳನ್ನು ತೋರಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಚುಕ್ಕೆಗಳು ಮನುಷ್ಯನವಲ್ಲ, ನಡೆಯುವ ಹೇಂಟೆಯವು! ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಹೇಂಟೆಯನ್ನು ಕಂಡಿರುವ ಸಂಭವವೇ ಇಲ್ಲವಲ್ಲ. ಆದರೂ ಅಡ್ಡಾದಿಡ್ಡಿ ಓಡುವ ಚುಕ್ಕೆಗಳಿಗಿಂತ ಹೇಂಟೆಯ ನಡಿಗೆಯನ್ನೇ ಶಿಶುಗಳು ಹೆಚ್ಚು ಹೊತ್ತು ನೋಡಿದವು. ಅದೇ ನಡಿಗೆಯನ್ನು ತಲೆಕೆಳಗು ಮಾಡಿದಾಗ, ನೆಟ್ಟಗಿದ್ದುದರ ಕಡೆಗೇ ಒಲವು. ಭೂಮಿ ಸೆಳೆಯುವಾಗ ಕಾಲು ಏಳುವ, ಇಳಿಯುವ ರೀತಿಯಲ್ಲೇ ಗುಟ್ಟಿರಬೇಕು. ಆಗತಾನೇ ಮೊಟ್ಟೆಯೊಡೆದ ಕೋಳಿಮರಿಗಳೂ ಹೀಗೆಯೇ ಎಂದು 2005ರಲ್ಲೇ ಗೊತ್ತಾಗಿತ್ತು. ಅವು ಬೆಕ್ಕಿನ ನಡಿಗೆಯ ಚುಕ್ಕೆಗಳ ಕಡೆಗೂ ಹೋದವು, ಪಾಪ!

ನಮ್ಮ ಊರಿನ ಕಲಾವಿದರಿಗೆ ಇದು ಹೊಸದಲ್ಲ ಎನಿಸುತ್ತದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಆಡಿಸಿಕೊಂಡು ಬಂದ ಯಕ್ಷಗಾನ ಗೊಂಬೆಗಳನ್ನು ರಜೆಯಲ್ಲಿ ಹೋದಾಗ ನೋಡಿ. ಮರದ ಮುಖದಲ್ಲಿ ಭಾವ ಬದಲಾಗದು. ಆದರೆ ಸೂತ್ರ ಎಳೆದು ಹೆಜ್ಜೆ ಹಾಕಿಸಿದೊಡನೆ ಅದು ಮರವೆಂಬುದೇ ಮರೆತುಹೋಗುತ್ತದೆ.

ಈಗ ಮುಖ್ಯ ಮಾತು. ಅಮೆರಿಕದ ಆಮಿ ಕ್ಲಿನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದಂತೆ, ಆಟಿಸಂ ಇರುವ ಎರಡು ವರ್ಷದ ಮಕ್ಕಳಲ್ಲಿ ಈ ಒಲವು ಕಾಣಲಿಲ್ಲ. ಶಬ್ದವೂ ಚಲನೆಯೂ ಒಟ್ಟಿಗೆ ಬರುವ ಕಡೆ, ಉದಾಹರಣೆಗೆ ಚಪ್ಪಾಳೆಯತ್ತ, ಅವರ ಕಣ್ಣು ಹೋಗುತ್ತಿತ್ತು. ಹಾಗೆಂದು ಮಗು ಫ್ಯಾನು ನೋಡಿತೆಂದು ಮನೆಯವರನ್ನು ಹೆದರಿಸಬೇಡಿ. ಎಲ್ಲ ಮಕ್ಕಳೂ ನೋಡುತ್ತವೆ. ಆದರೆ ವರ್ಷ ತುಂಬುತ್ತ ಬಂದರೂ ಹೆಸರು ಕರೆದರೆ ತಿರುಗದೆ, ಮುಖ ನೋಡಿ ನಗದೆ ಇದ್ದರೆ, "ನಮ್ಮ ಕಡೆ ಗಂಡುಮಕ್ಕಳು ಎಲ್ಲಾ ತಡವೇ" ಎಂಬ ಸಮಾಧಾನ ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಲು ಅಣ್ಣ-ಅತ್ತಿಗೆಗೆ ನೀವೇ ಹೇಳಿ. ಮುಂಬಯಿಯಲ್ಲಿ ಇಂಥ ಮಕ್ಕಳಿಗಾಗಿಯೇ ಡಾ. ವಿಭಾ ಕೃಷ್ಣಮೂರ್ತಿಯವರು 2001ರಲ್ಲಿ ‘ಉಮ್ಮೀದ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದಾರೆ.

ಎಳೆಗೂಸಿನ ಬಳಿ ಕುಳಿತಾಗ ಇನ್ನೊಂದು ನೆನಪಿರಲಿ: ಅದಕ್ಕೆ ತಕ್ಕಮಟ್ಟಿಗೆ ಕಾಣುವುದು ಸುಮಾರು ಒಂದು ಅಡಿ ದೂರದವರೆಗೆ ಮಾತ್ರ. ಮೊಬೈಲ್ ಪಕ್ಕಕ್ಕಿಟ್ಟು ಅಷ್ಟು ಹತ್ತಿರ ಬಗ್ಗಿ.